ಪಕಾರದ ಸಾಕ್ಷ್ಯ

ಹಳ್ಳಿಖೇಡ (ಬಿ) ಎಂಬ ಹೆಸರಿನಲ್ಲಿ ಮೂರು ಭಾಷೆಗಳ ಗುರುತಿದೆ. ‘ಹಳ್ಳಿ’ ಕನ್ನಡದ್ದು, ‘ಖೇಡ’ವು ಸಂಸ್ಕೃತದ ‘ಖೇಟ’ ಪ್ರಾಕೃತದಲ್ಲಿ ತಾಳಿದ ರೂಪ, ‘ಬಿ’ ಎಂಬುದು ಹಿರಿದೆಂಬ ಅರ್ಥದ ಪಾರಸಿಯ ‘ಬುಜುರ್ಗ್’ ಶಬ್ದದ ಸಂಕ್ಷೇಪ. ಚರಿತ್ರಕಾರನು ಎಡವುವುದು ಮೊದಲನೆಯದರಲ್ಲಿ. ಹಳಗನ್ನಡದಲ್ಲಿ ಅದು ‘ಪಳ್ಳಿ’. ಆದುದರಿಂದ ಹಕಾರವುಳ್ಳ ಊರು ಈಚಿನದೆಂದು ಹೇಳಿಬಿಡುವುದು ಸುಲಭ. ಆದರೆ ಹಕಾರವು ತಿಳಿಸುವುದು ಹೆಸರಿನ ಈ ರೂಪದ ವಯಸ್ಸನ್ನು, ಊರಿನ ವಯಸ್ಸನ್ನಲ್ಲ.

ತೇದಿಯಿಲ್ಲದ ಶಾಸನಗಳ ಕಾಲನಿರ್ಣಯದಲ್ಲಿಯೂ ಇದೇ ಆತುರ ಕಾಣುತ್ತದೆ. ಸುಮಾರು 10ನೆಯ ಶತಮಾನದಿಂದ ಪದಾದಿಯ ಪಕಾರವು ಹಕಾರವಾಗತೊಡಗಿತು: ಪಾಲ್ ಹಾಲಾಯಿತು, ಪತ್ತು ಹತ್ತಾಯಿತು. ಅಪ್ಪ, ತಪ್ಪು ಮೊದಲಾದವುಗಳ ಒತ್ತಿನ ಪಕಾರ ಉಳಿಯಿತು. ‘ಪರ್ವ’ದಿಂದಾದ ‘ಪಬ್ಬ’ವು ‘ಹಬ್ಬ’ವಾದರೂ ‘ಪೂಜೆ’ ಕದಲಲಿಲ್ಲ.

ಈ ವಿಷಯದಲ್ಲಿ ನಮಗೆ ಆಧಾರವಾದ ಎರಡು ಗ್ರಂಥಗಳು ಎ. ಎನ್. ನರಸಿಂಹಯ್ಯನವರದು (1941), ಜಿ. ಎಸ್. ಗಾಯಿಯವರದು (1946). ಮೊದಲನೆಯದು 6, 7ನೆಯ ಶತಮಾನಗಳ ಶಾಸನಗಳನ್ನೂ ಎರಡನೆಯದು 8ರಿಂದ 10ನೆಯ ಶತಮಾನದವುಗಳನ್ನೂ ಪರಿಶೀಲಿಸುತ್ತದೆ. ಶಾಸನಗಳನ್ನೇ ನೆಮ್ಮಿದ ಇವುಗಳ ಶಿಸ್ತು ಮೆಚ್ಚತಕ್ಕದ್ದು. ಆದರೆ ಕಲ್ಯಾಣವು ಒಂದನೆಯ ಸೋಮೇಶ್ವರನ (1042-1068) ರಾಜಧಾನಿಯಾದುದು ಗಾಯಿಯವರ ಗಡಿಯಿಂದಾಚೆಗೆ. ಮಾರ್ಪಾಟು ಹಬ್ಬುತ್ತಿದ್ದ ಕಾಲದಲ್ಲಿಯೇ ನಮ್ಮ ಸೀಮೆಗೆ ಈ ಕೈದೀಪಗಳು ಇಲ್ಲ.

ಹಕಾರವುಳ್ಳ ಮೂಲಶಾಸನವನ್ನು ಮಾರ್ಪಾಟಿಗಿಂತ ಹಿಂದಕ್ಕೆ ಒಯ್ಯಲಾಗದು. ಪಕಾರವಿದ್ದ ಮಾತ್ರಕ್ಕೆ ಶಾಸನವು ಹಳೆಯದೆನ್ನಲೂ ಆಗದು. ಆಡುಮಾತು ಬದಲಾದ ಮೇಲೂ ಬರಹಗಾರನ ಕೈ ಹಳೆಯ ಅಕ್ಷರವನ್ನು ಬಿಡುವುದಿಲ್ಲ. ವಚನಗಳ ಕಷ್ಟ ಇದಕ್ಕೆ ತಿರುಗುಮುರುಗು. ಬಸವಣ್ಣನವರು 12ನೆಯ ಶತಮಾನದವರು. ನಮಗೆ ದೊರೆತ ಓಲೆಪ್ರತಿಗಳು ಬಹಳ ಈಚಿನವು. ಅವುಗಳ ಹಕಾರವು ನುಡಿದವರದೋ ಪ್ರತಿಕಾರನದೋ? ಕಲ್ಲು ಮಾತಿಗಿಂತ ಹಿಂದೆ ಉಳಿಯುತ್ತದೆ, ಓಲೆ ಮುಂದೆ ಓಡುತ್ತದೆ. ಅಚ್ಚಾದ ವಚನಗಳಿಂದ ಅಂದಿನ ಕಲ್ಯಾಣದ ಆಡುನುಡಿಯನ್ನು ಕಟ್ಟುವವರು ಈ ಅಂತರವನ್ನು ಮರೆಯುತ್ತಾರೆ.

ಇವೆರಡಕ್ಕಿಂತ ನಂಬಿಕೆಗೆ ಯೋಗ್ಯವಾದುದು ಲಿಪಿಕಾರನ ತಪ್ಪು. ಳಕಾರವಿರಬೇಕಾದಲ್ಲಿ ಅವನು ೞಕಾರವನ್ನು ಕೊರೆದಿದ್ದರೆ ಅವನ ಕಿವಿಗೆ ಇವೆರಡರ ಭೇದ ಅಳಿದಿತ್ತೆಂದು ತಿಳಿಯಬೇಕು. 13ನೆಯ ಶತಮಾನದ ಕೇಶಿರಾಜನು ೞಕಾರದ ಶಬ್ದಗಳನ್ನು ಪಟ್ಟಿಮಾಡಿಕೊಟ್ಟುದೂ ಆ ಭೇದ ಬಾಯಲ್ಲಿ ಉಳಿದಿರಲಿಲ್ಲವೆಂಬುದಕ್ಕೇ ಸೂಚನೆ. ಎಲ್ಲರೂ ಉಚ್ಚರಿಸುವುದಕ್ಕೆ ಪಟ್ಟಿಯೇಕೆ? ಕಲ್ಯಾಣದ ಸುತ್ತಣ ತೇದಿಯುಳ್ಳ ಶಾಸನಗಳಿಂದ ಇಂಥ ತಪ್ಪುಗಳನ್ನು ಕಾಲಾನುಕ್ರಮವಾಗಿ ಆಯ್ದ ಮೇಲೆಯೇ ತೇದಿಯಿಲ್ಲದ ಕಲ್ಲಿನ ಮಾತನ್ನು ಎತ್ತಬಹುದು.