ಜಗನ್ಮೋಹನದಲ್ಲಿ ಮೂರೇ ಚಿತ್ರ

ದಸರಾ ಹತ್ತಿರ ಬಂತೆಂದರೆ ಓದುಗರದು ಒಂದೇ ಪ್ರಶ್ನೆ: ಮೈಸೂರಿಗೆ ಹೊರಟಿದ್ದೇವೆ, ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ಅರಮನೆ, ಬೆಟ್ಟ, ಝೂ, ಕೆಆರ್‌ಎಸ್ ಎಲ್ಲವನ್ನೂ ಒಂದೇ ದಿನಕ್ಕೆ ತುರುಕುವ ಟೂರಿನವರು ಇದಕ್ಕೆ ಕೊಡುವುದು ಊಟಕ್ಕೆ ಮುಂಚಿನ ಅರ್ಧ ಗಂಟೆ. ಅಷ್ಟೇ ಹೊತ್ತಿದ್ದರೆ ಹೋಗಲೇಬೇಡಿ. ಇನ್ನೊಂದು ಮಸಾಲೆ ದೋಸೆ ತಿನ್ನಿ, ಅದಾದರೂ ಜೀರ್ಣವಾಗುತ್ತದೆ.

ಹೊತ್ತಿದ್ದವರಿಗೆ ನನ್ನ ಹಳೇ ರಾಗವೇ: ಮೂರು ಚಿತ್ರ ನೋಡಿ, ಉಳಿದದ್ದನ್ನು ಬಿಡಿ. ವಾರದ ನಡುವೆ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಗಿರಿ. ಮುಮ್ಮಡಿ ಕೃಷ್ಣರಾಜರು 1861ರಲ್ಲಿ ಕಟ್ಟಿಸಿದ ಮನೆ ಇದು, ಯಾವ ಕೋಣೆ ತೆರೆದಿದೆ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳುವುದು ಕ್ಷೇಮ. ಗಂಟೆಗೊಮ್ಮೆ ಗೊಂಬೆ ಸಿಪಾಯಿಗಳ ಕವಾಯತಿಗೆ ಹೆಸರಾದ ಫ್ರೆಂಚ್ ಗಡಿಯಾರದ ಮುಂದೆ ಜನ ಸೇರಿದರೆ ಅವರನ್ನು ದೂರಬೇಡಿ. ಚಿತ್ರಗಳ ಮುಂದೆ ಜಾಗ ಖಾಲಿಯಾಗುವುದು ಆಗಲೇ.

ಮೊದಲನೆಯದು ರವಿವರ್ಮನ ‘ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್’, 1889ರದ್ದು. ಬೇರೆಬೇರೆ ನಾಡಿನ ಹೆಂಗಸರು ತಂತಮ್ಮ ಉಡುಗೆಯಲ್ಲಿ ಒಂದೆಡೆ ಸೇರಿದ್ದಾರೆ. ರವಿವರ್ಮನೆಂದರೆ ಕ್ಯಾಲೆಂಡರ್ ಎಂದು ಮೂಗು ಮುರಿಯುವ ಪಂಥವೊಂದು ಅವನೀಂದ್ರನಾಥ ಠಾಕೂರರ ಕಾಲದಿಂದಲೂ ಇದೆ. ಆ ಪಂಥದವರಲ್ಲಿ ಹೆಚ್ಚಿನವರು ನೋಡಿರುವುದು 1894ರಲ್ಲಿ ಮುಂಬೈಯಲ್ಲಿ ಶುರುವಾದ ಛಾಪಖಾನೆಯ ಅಚ್ಚುಗಳನ್ನು. ಅವನ ಕುಂಚ ಮುಟ್ಟಿದ ಕ್ಯಾನ್ವಾಸನ್ನಲ್ಲ. ರೇಷ್ಮೆ ಮಡಿಕೆಯಾದಲ್ಲಿ ಬೆಳಕು ಹೇಗೆ ಜಾರುತ್ತದೆ ಎಂಬುದು ಅಚ್ಚಿಗೆ ಇಳಿಯುವ ಮಾತೇ ಅಲ್ಲ. ನಮ್ಮ ಕೆ. ವೆಂಕಟಪ್ಪನವರು ಅದೇ ಅವನೀಂದ್ರರ ಶಿಷ್ಯರು. ಅವರ ಊಟಿ, ಕೊಡೈಕೆನಾಲ್ ಜಲವರ್ಣಗಳನ್ನು ಮೆಚ್ಚಬೇಕಾದರೆ ರವಿವರ್ಮನನ್ನು ಬೈಯಲೇಬೇಕೆಂಬ ಕಟ್ಟಳೆಯೇನೂ ಇಲ್ಲ.

ಹಾಗೆಂದು ಈ ಚಿತ್ರದಲ್ಲಿ ಕೊರತೆ ಇಲ್ಲವೆಂದಲ್ಲ. ಈ ಅಂಕಣದಲ್ಲಿ ಮತ್ತೆ ಮತ್ತೆ ತರುವ ವಿಷ್ಣುಧರ್ಮೋತ್ತರ ಪುರಾಣವನ್ನು ಇನ್ನೊಮ್ಮೆ ತರುತ್ತೇನೆ, ಬೇಸರವಾದವರು ಮುಂದಿನ ಪ್ಯಾರಾಕ್ಕೆ ಜಿಗಿಯಬಹುದು. ಅದರಲ್ಲಿ ವಜ್ರರಾಜ ಮಾರ್ಕಂಡೇಯ ಮುನಿಯ ಬಳಿ ಹೋಗಿ ವಿಗ್ರಹ ಮಾಡುವುದನ್ನು ಕಲಿಸಿ ಎನ್ನುತ್ತಾನೆ. ಮುನಿ ನೇರವಾಗಿ ಕಲಿಸುವುದಿಲ್ಲ. ಅದಕ್ಕೆ ಮೊದಲು ಚಿತ್ರ ಬರಬೇಕು ಎನ್ನುತ್ತಾನೆ. ಸರಿ, ಚಿತ್ರವನ್ನೇ ಕಲಿಸಿ ಎಂದರೆ ನೃತ್ಯ ತಿಳಿಯದೆ ಅದು ಹತ್ತದು. ನೃತ್ಯಕ್ಕೆ ವಾದ್ಯ ಗೊತ್ತಿರಬೇಕು, ವಾದ್ಯಕ್ಕೆ ಹಾಡು. ಒಂದು ವಿಗ್ರಹಕ್ಕೆಂದು ಬಂದ ಅರಸ ಕೊನೆಗೆ ಪಾಠ ಶುರುಮಾಡಬೇಕಾದದ್ದು ಸಂಗೀತದಿಂದ. ಈ ಗಜಕಡ್ಡಿ ಹಿಡಿದು ನೋಡಿದರೆ ರವಿವರ್ಮನ ವಾದ್ಯಗಾರ್ತಿಯರು ಸ್ವಲ್ಪ ಸೋಲುತ್ತಾರೆ. ಕೈಯಲ್ಲಿ ವಾದ್ಯವಿದೆ, ಕಿವಿ ಇನ್ನೊಬ್ಬಳ ಶ್ರುತಿಯ ಕಡೆಗಿಲ್ಲ. ಒಬ್ಬೊಬ್ಬರೂ ಬೇರೆ ಬೇರೆ ದಿನ ಸ್ಟುಡಿಯೋಗೆ ಬಂದು ಕೂತು ಹೋದಂತಿದೆ. ಬಟ್ಟೆಗೆ ನೂರಕ್ಕೆ ನೂರು, ಕಛೇರಿಗೆ ಮೂವತ್ತೈದು.

ಎರಡನೆಯದು ಎಲ್ಲರೂ ಮುಗಿಬೀಳುವ ‘ಗ್ಲೋ ಆಫ್ ಹೋಪ್’, ದೀಪ ಹಿಡಿದ ಹೆಣ್ಣು. ಸಾವಂತವಾಡಿ ಕಡೆಯ ಎಸ್.ಎಲ್. ಹಲ್ದಂಕರ್ ತಮ್ಮ ಮಗಳನ್ನೇ ನಿಲ್ಲಿಸಿ ಬರೆದದ್ದು. ಜನ ಮುಖ ನೋಡಿ, ಆಹಾ ಎಂದು ಮುಂದೆ ಹೋಗುತ್ತಾರೆ. ನೀವು ಬೆರಳು ನೋಡಿ. ಜ್ವಾಲೆಗೆ ಅಡ್ಡ ಹಿಡಿದ ಅಂಗೈಯ ಬೆರಳಂಚಿನಲ್ಲಿ ಬೆಳಕು ಕೆಂಪಾಗಿ ಹಾಯ್ದಿದೆ. ಎಣ್ಣೆಬಣ್ಣದಲ್ಲಾದರೆ ಇದು ಇಷ್ಟು ದೊಡ್ಡ ಸಂಗತಿಯಲ್ಲ: ಮೊದಲು ಕತ್ತಲೆ ಬಳಿದು ಆಮೇಲೆ ಮೇಲಿಂದ ಬೆಳಕು ಇಡಬಹುದು, ತಪ್ಪಿದರೆ ಕೆರೆದು ಮತ್ತೆ ಬಳಿಯಬಹುದು. ಇದು ಜಲವರ್ಣ. ಇಲ್ಲಿ ಬೆಳಕೆಂದರೆ ಬಣ್ಣ ತಾಗದೆ ಉಳಿದ ಕಾಗದ. ಜ್ವಾಲೆ ಎಲ್ಲಿ, ಕೆನ್ನೆ ಎಷ್ಟು, ಬೆರಳ ಸಂದು ಎಷ್ಟು ಎಂದು ಕುಂಚ ಅದ್ದುವ ಮುಂಚೆಯೇ ಗೊತ್ತಿರಬೇಕು. ಆ ಜಾಗಗಳನ್ನು ಕಾಯ್ದುಕೊಂಡು ಸುತ್ತಲಿನ ಕತ್ತಲೆಯನ್ನು ತೆಳುವಾಗಿ, ಪದರದ ಮೇಲೆ ಪದರವಾಗಿ ಏರಿಸುತ್ತ ಬರಬೇಕು. ಒಂದು ಪದರ ಒಣಗುವ ಮುಂಚೆ ಅವಸರಪಟ್ಟರೆ ಕತ್ತಲೆ ಕೆಸರಾಗುತ್ತದೆ, ಕಾಗದ ಕಸದ ಬುಟ್ಟಿಗೆ. ಗೋಡೆಗೆಲ್ಲ ಪ್ರೊಜೆಕ್ಟರ್ ಬಿಟ್ಟು ‘ಚಿತ್ರದೊಳಗೆ ನಡೆದಾಡಿ’ ಎಂದು ದುಬಾರಿ ಟಿಕೆಟ್ ಮಾರುವವರ ಕೈಯಲ್ಲಿ ಇಂಥ ಬೆಳಕು ಹುಟ್ಟಲಿ ನೋಡೋಣ. ಅವರದು ಬಲ್ಬಿನ ಬೆಳಕು, ಇದು ಬರೀ ಕಾಗದದ್ದು.

ಮೂರನೆಯದು ಮೈಸೂರು ಶೈಲಿಯ ಚಿನ್ನದ ರೇಕಿನ ಕೆಲಸ. ತಂಜಾವೂರಿನದನ್ನೇ ಮೈಸೂರಿನದೆಂದು ಮಾರುವ ಅಂಗಡಿಗಳ ಮೇಲೆ ನನಗಿರುವ ಸಿಟ್ಟಿಗೆ ಇಡೀ ಒಂದು ವಾರ ಬೇಕು. ಇಲ್ಲಿ ಜಾಗ ಮುಗಿಯಿತು.

ಕೊನೆಗೊಂದು ವಿನಂತಿ. ದೀಪದ ಚಿತ್ರದ ಮುಂದೆ ನಿಂತವರು ಅಥವಾ ಗೈಡ್ ‘ಇದು ರವಿವರ್ಮನದು’ ಎನ್ನುವುದು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಸಂಕೋಚಪಡದೆ ತಿದ್ದಿ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಹಲ್ದಂಕರ್ ಈ ಚಿತ್ರ ಬರೆದದ್ದು 1940ರ ದಶಕದಲ್ಲಿ.