ನಾಝಿಯಾ ಹಸನ್: ಐದು ಆಲ್ಬಮ್‌ಗಳಲ್ಲಿ ಉಳಿದದ್ದೆಷ್ಟು?

ನಾಝಿಯಾ ಹಸನ್ ಲಂಡನ್ನಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡದ್ದು 2000ದ ಆಗಸ್ಟ್ 13ರಂದು. ಆಗ ಅವರಿಗೆ ಬರೇ 35 ವರ್ಷ. ಅಷ್ಟು ಹೊತ್ತಿಗೆ ಅವರ ಕೊನೆಯ ಆಲ್ಬಮ್ ಬಂದು ಎಂಟು ವರ್ಷಗಳಾಗಿದ್ದವು. ಅಂದಿನಿಂದ ಇಂದಿನವರೆಗೆ ಅವರ ಬಗ್ಗೆ ಬಂದ ಬರಹಗಳಲ್ಲಿ ಹೆಚ್ಚಿನವು ಎರಡೇ ವಿಷಯಗಳ ಸುತ್ತ ಸುತ್ತುತ್ತವೆ. ಒಂದು, ಆಕೆಯ ಚೆಲುವು. ಇನ್ನೊಂದು, ಅಕಾಲ ಮರಣ. ಹಾಡುಗಳ ಮಾತು ಬಂದಾಗ ಮಾತ್ರ ‘ಆ ಕಾಲಕ್ಕೆ ಅದು ದೊಡ್ಡ ಹವಾ’ ಎಂದು ಹೇಳಿ ಮುಗಿಸಿಬಿಡುತ್ತಾರೆ. ಹವಾ ಎಂದರೆ ಬೀಸಿ ಹೋಗುವಂಥದ್ದು. ಹಾಗಾದರೆ 1981ರಿಂದ 1992ರ ನಡುವೆ ಬಂದ ಆ ಐದು ಆಲ್ಬಮ್‌ಗಳಲ್ಲಿ ಇಂದು ಕೂತು ಕೇಳಬಹುದಾದದ್ದು ಏನಾದರೂ ಇದೆಯೇ? ಈ ಪ್ರಶ್ನೆಯಿಟ್ಟುಕೊಂಡು ನಾವು ಅವನ್ನೆಲ್ಲ ಮತ್ತೊಮ್ಮೆ ಕೇಳಿದೆವು.

ಒಂದು ಎಚ್ಚರಿಕೆಯ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಹಾಡುಗಳ ಬಗ್ಗೆ ನಮ್ಮ ತಲೆಮಾರಿನ ಮಾತನ್ನು ಅಷ್ಟಾಗಿ ನಂಬುವಂತಿಲ್ಲ. ಕರಾವಳಿಯ ಅನೇಕ ಮನೆಗಳಿಗೆ ಮೊದಲ ಟೇಪ್ ರೆಕಾರ್ಡರ್ ಬಂದದ್ದು ಕೊಲ್ಲಿಗೆ ಹೋದವರು ರಜೆಯಲ್ಲಿ ಮರಳಿದಾಗ. ಅತ್ತರು, ಕಂಬಳಿ, ಟಾರ್ಚುಗಳ ಜೊತೆ ಪೆಟ್ಟಿಗೆಯಲ್ಲಿ ನಾಲ್ಕಾರು ಕ್ಯಾಸೆಟ್‌ಗಳೂ ಇರುತ್ತಿದ್ದವು. ಆ ಪೆಟ್ಟಿಗೆಯ ವಾಸನೆ, ಬಂದವರ ಸಂಭ್ರಮ, ‘ಶಬ್ದ ಸ್ವಲ್ಪ ಕಡಿಮೆ ಮಾಡು’ ಎಂದು ಒಳಗಿನಿಂದ ಗದರುವ ಅಜ್ಜಿಯ ದನಿ, ಎಲ್ಲವೂ ಆ ಹಾಡಿಗೆ ಅಂಟಿಕೊಂಡಿದೆ. ಹೀಗೆ ಅಂಟಿಕೊಂಡದ್ದನ್ನು ಬಿಡಿಸಿ ಹಾಡನ್ನಷ್ಟೇ ಕೇಳುವುದು ಕಷ್ಟ. 1981ರಲ್ಲಿ ಹದಿನೈದರ ಹರೆಯದಲ್ಲಿದ್ದವರಿಗೆ ಈಗ ಅರವತ್ತು. ಅವರ ಕಣ್ಣು ತೇವಗೊಳ್ಳುತ್ತದೆ ಎಂಬುದು ಆಲ್ಬಮ್ ಚೆನ್ನಾಗಿದೆ ಎನ್ನುವುದಕ್ಕೆ ಪುರಾವೆಯಾಗುವುದಿಲ್ಲ.

ಕಥೆ ಶುರುವಾಗುವುದು ಒಂದೇ ಒಂದು ಸಿನಿಮಾ ಹಾಡಿನಿಂದ. 1980ರ ‘ಕುರ್ಬಾನಿ’ಯ ಉಳಿದ ಹಾಡುಗಳಿಗೆ ಸಂಗೀತ ಕೊಟ್ಟವರು ಕಲ್ಯಾಣ್‌ಜಿ-ಆನಂದ್‌ಜಿ. ‘ಆಪ್ ಜೈಸಾ ಕೋಯಿ’ ಮಾತ್ರ ಬಿದ್ದು ಅವರದು. ಚಿತ್ರದ ನಿರ್ಮಾಪಕ, ನಿರ್ದೇಶಕ, ನಾಯಕ ಎಲ್ಲವೂ ಆಗಿದ್ದ ಫಿರೋಝ್ ಖಾನ್ ಹುಟ್ಟಿದ್ದು ಬೆಂಗಳೂರಿನಲ್ಲಿ, 2009ರಲ್ಲಿ ಕಣ್ಣು ಮುಚ್ಚಿದ್ದೂ ಬೆಂಗಳೂರಿನಲ್ಲೇ. ಬಿದ್ದು ಅಪ್ಪಯ್ಯ ಕೂಡ ಬೆಂಗಳೂರಿನಲ್ಲಿ ಬೆಳೆದ ಕೊಡವ ಹುಡುಗ. ಇಲ್ಲಿ ಬ್ಯಾಂಡ್ ಕಟ್ಟಿಕೊಂಡು ಹಾಡುತ್ತಿದ್ದವರು ಅರುವತ್ತರ ದಶಕದ ಕೊನೆಯಲ್ಲಿ ಲಂಡನ್ ಸೇರಿದರು. ಅಲ್ಲಿ 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫು ಫೈಟಿಂಗ್’ ಅನ್ನು ನಿರ್ಮಿಸಿ, ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಪಟ್ಟಿಯ ತುದಿಗೇರಿಸಿದರು. ಕರಾಚಿಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಶಾಲೆಗೆ ಹೋಗುತ್ತಿದ್ದ ಹದಿನೈದರ ಹುಡುಗಿಯೊಬ್ಬಳ ದನಿ, ಬೆಂಗಳೂರಿನ ಇಬ್ಬರ ಕೈಯಿಂದ ಮುಂಬಯಿಯ ತೆರೆಗೆ ಬಂತು. ಇಂಥ ನಂಟನ್ನು ಇಂದು ಯಾರಾದರೂ ಕಲ್ಪಿಸಿಕೊಂಡರೆ ಎಷ್ಟು ಕಡತಗಳಿಗೆ ಸಹಿ ಬೀಳಬೇಕೋ!

ಆ ಹಾಡಿಗೆ 1981ರಲ್ಲಿ ನಾಝಿಯಾಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಅಂದಿನ ಹಿಂದಿ ಚಿತ್ರಲೋಕದಲ್ಲಿ ಹೆಣ್ಣು ದನಿ ಎಂದರೆ ಲತಾ ಮತ್ತು ಆಶಾ. ಇಬ್ಬರೂ ಮಹಾನ್ ಗಾಯಕಿಯರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿನ್ನೆಲೆ ಗಾಯನವೆಂದರೆ ಒಂದು ಬಗೆಯ ಅಭಿನಯ. ತೆರೆಯ ಮೇಲಿನ ನಾಯಕಿ ನಾಚಿದರೆ ದನಿ ನಾಚಬೇಕು, ಅವಳು ಕುಡಿದಂತೆ ನಟಿಸಿದರೆ ದನಿ ತೂರಾಡಬೇಕು. ನಾಝಿಯಾಗೆ ಈ ವಿದ್ಯೆ ಬರುತ್ತಿರಲಿಲ್ಲ. ‘ಆಪ್ ಜೈಸಾ ಕೋಯಿ’ಯಲ್ಲಿ ಝೀನತ್ ಅಮಾನ್ ಕ್ಲಬ್ಬಿನಲ್ಲಿ ಬಳುಕುತ್ತಾರೆ, ಆದರೆ ದನಿ ಬಳುಕುವುದಿಲ್ಲ. ಅದು ನೆಟ್ಟಗೆ, ತುಸು ಮೂಗಿನಲ್ಲಿ, ಪಾಠ ಒಪ್ಪಿಸುವಷ್ಟು ಸರಳವಾಗಿ ಹಾಡುತ್ತದೆ. ಬಿದ್ದು ಆ ದನಿಯನ್ನು ಅದರ ಮೇಲೆಯೇ ಮತ್ತೊಮ್ಮೆ ಕೂಡಿಸಿ ದಪ್ಪಗೊಳಿಸಿದರು. ಇಬ್ಬರು ಗೆಳತಿಯರು ಒಟ್ಟಿಗೆ ಹಾಡಿದಂತೆ ಕೇಳುತ್ತದೆ. ನಮ್ಮ ಮಟ್ಟಿಗೆ ನಾಝಿಯಾರ ಬಲವೂ ದೌರ್ಬಲ್ಯವೂ ಇದೇ. ಆಕೆಗೆ ನಟಿಸಲು ಬರುವುದಿಲ್ಲ. ಹಾಡು ಒಳ್ಳೆಯದಾದಾಗ ಅದು ವರವಾಗುತ್ತದೆ, ಹಾಡು ಪೊಳ್ಳಾದಾಗ ಮುಚ್ಚಿಡಲು ಏನೂ ಉಳಿಯುವುದಿಲ್ಲ.

ಮರುವರ್ಷ ‘ಡಿಸ್ಕೊ ದಿವಾನೆ’ ಬಂತು. ಸಿನಿಮಾ ಇಲ್ಲ, ನಾಯಕಿ ಇಲ್ಲ, ಕಥೆ ಇಲ್ಲ. ಅಕ್ಕ ನಾಝಿಯಾ ಮತ್ತು ತಮ್ಮ ಝೊಹೇಬ್ ಹಾಡಿದ ಹಾಡುಗಳು, ಬಿದ್ದು ನಿರ್ಮಾಣ, ಅಷ್ಟೇ. ಗಝಲ್, ಭಜನೆ, ಕವ್ವಾಲಿಗಳನ್ನು ಬಿಟ್ಟರೆ ಸಿನಿಮಾದ ಹಂಗಿಲ್ಲದ ಧ್ವನಿಮುದ್ರಿಕೆಗೆ ಇಲ್ಲಿ ಮಾರುಕಟ್ಟೆಯೇ ಇಲ್ಲ ಎಂದು ನಂಬಿದ್ದ ಕಾಲವದು. ಆ ನಂಬಿಕೆಯನ್ನು ಮುರಿದದ್ದು ಈ ಆಲ್ಬಮ್. ಚರಿತ್ರೆಯಲ್ಲಿ ಅದರ ಸ್ಥಾನ ಗಟ್ಟಿ. ಆದರೆ ಚರಿತ್ರೆಯ ಸ್ಥಾನ ಬೇರೆ, ಕಿವಿಯ ಸ್ಥಾನ ಬೇರೆ.

ಶೀರ್ಷಿಕೆ ಗೀತೆಯ ಬಗ್ಗೆ ನಮ್ಮ ತಕರಾರಿದೆ. ಅದರ ಬಾಸ್ ಗಿಟಾರಿನ ನಡಿಗೆ ಈಗಲೂ ಕಾಲನ್ನು ಅಲುಗಿಸುತ್ತದೆ, ನಿಜ. ಸುತ್ತಲಿನ ಪ್ರತಿಧ್ವನಿ, ಕೋರಸ್, ಯಂತ್ರದ ಸದ್ದುಗಳೆಲ್ಲ ಮಾತ್ರ ‘ಇದು ಹೊಸತು, ಇದು ಹೊಸತು’ ಎಂದು ಕೂಗಿಕೊಳ್ಳುತ್ತವೆ. ಹೊಸತನವನ್ನೇ ಬಂಡವಾಳ ಮಾಡಿಕೊಂಡ ಹಾಡು ಬೇಗ ಹಳತಾಗುತ್ತದೆ. ಅದೇ ಆಲ್ಬಮ್ಮಿನ ‘ಲೇಕಿನ್ ಮೇರಾ ದಿಲ್’ ಕೇಳಿ. ಇಲ್ಲಿ ಗತಿ ನಿಧಾನವಾಗುತ್ತದೆ, ವಾದ್ಯಗಳು ಹಿಂದೆ ಸರಿಯುತ್ತವೆ, ದನಿ ಒಂಟಿಯಾಗಿ ಮುಂದೆ ನಿಲ್ಲುತ್ತದೆ. ದುಃಖದ ಹಾಡು, ಆದರೆ ಬಿಕ್ಕುವುದಿಲ್ಲ. ಮುಂಬಯಿಯ ಯಾವುದೇ ಹಿನ್ನೆಲೆ ಗಾಯಕಿ ಇಲ್ಲಿ ಒಂದು ನಿಟ್ಟುಸಿರನ್ನಾದರೂ ಸೇರಿಸುತ್ತಿದ್ದರು. ನಾಝಿಯಾ ಸೇರಿಸುವುದಿಲ್ಲ. ದುಃಖ ತನಗಿನ್ನೂ ಪೂರ್ತಿ ಅರ್ಥವಾಗಿಲ್ಲ ಎಂಬಂತೆ, ಅಚ್ಚರಿಯಿಂದಲೇ ಹಾಡುತ್ತಾರೆ. ಹದಿನಾರರ ಹುಡುಗಿಯ ದುಃಖ ಇರುವುದೇ ಹಾಗೆ. ಇದನ್ನು ಹಳತು ಎನ್ನಲು ನಮಗೆ ಮನಸ್ಸು ಬರುವುದಿಲ್ಲ.

1982ರ ‘ಬೂಮ್ ಬೂಮ್’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕುಮಾರ್ ಗೌರವ್ ನಟಿಸಿದ ‘ಸ್ಟಾರ್’ ಚಿತ್ರದ ಹಾಡುಗಳವು. ಚಿತ್ರ ಮಲಗಿತು, ಹಾಡುಗಳು ಓಡಿದವು. ಶೀರ್ಷಿಕೆ ಗೀತೆ ಮದುವೆ ಮನೆಗಳಲ್ಲಿ ಬಹುಕಾಲ ಬಾಳಿತು, ಅದಕ್ಕಿಂತ ಹೆಚ್ಚಿನದನ್ನು ಅದು ಬಯಸಿರಲೂ ಇಲ್ಲ.

ನಮ್ಮ ಅಭಿಪ್ರಾಯದಲ್ಲಿ ಐದರಲ್ಲಿ ಶ್ರೇಷ್ಠವಾದದ್ದು 1984ರ ‘ಯಂಗ್ ತರಂಗ್’. ಇದನ್ನು ಹೇಳಿದರೆ ‘ಡಿಸ್ಕೊ ದಿವಾನೆ’ಯ ಅಭಿಮಾನಿಗಳು ಮುನಿಸಿಕೊಳ್ಳಬಹುದು. ಆದರೆ ಗಮನಿಸಿ. ಅಷ್ಟರಲ್ಲಿ ಡಿಸ್ಕೊ ಪಶ್ಚಿಮದಲ್ಲಿ ಸತ್ತುಹೋಗಿತ್ತು, ಏನನ್ನೂ ‘ಹೊಸತು’ ಎಂದು ಮಾರುವ ಒತ್ತಡ ಬಿದ್ದು ಅವರ ಮೇಲಿರಲಿಲ್ಲ. ಕೀಬೋರ್ಡಿನ ಸದ್ದು ತಿಳಿಯಾಯಿತು, ಹಾಡುಗಳ ನಡುವೆ ಗಾಳಿಯಾಡತೊಡಗಿತು. ‘ಆಂಖೇ ಮಿಲಾನೇವಾಲೆ’ಯಲ್ಲಿ ಲವಲವಿಕೆಯಿದೆ, ಚೆಲ್ಲಾಟವಿಲ್ಲ. ‘ದಮ್ ದಮ್ ದೇ ದೇ’ಯ ಪದಗಳಲ್ಲಿ ಅರ್ಥ ಹುಡುಕಿದರೆ ನಿರಾಶೆ ಖಂಡಿತ, ಆದರೆ ಪದಗಳನ್ನು ತಾಳವಾಗಿ ಬಳಸುವ ಕಲೆ ಅಲ್ಲಿ ಕೈಗೂಡಿದೆ. ನಾವು ನಮ್ಮ ಮನೆಯ ಕಾಲೇಜು ಹುಡುಗಿಗೆ ಹೆಸರು, ವರ್ಷ ಏನನ್ನೂ ಹೇಳದೆ ಈ ಆಲ್ಬಮ್‌ಗಳಿಂದ ಒಂದೊಂದು ಹಾಡು ಕೇಳಿಸಿದೆವು. ‘ಡಿಸ್ಕೊ ದಿವಾನೆ’ ಬಂದಾಗ ‘ಓ, ಇದು ಆ ಸಿನಿಮಾದ್ದಲ್ವಾ’ ಎಂದು ನಕ್ಕಳು. ‘ಬೂಮ್ ಬೂಮ್’ ಬಂದಾಗ ಮೊಬೈಲ್ ನೋಡತೊಡಗಿದಳು. ‘ಆಂಖೇ ಮಿಲಾನೇವಾಲೆ’ ಬಂದಾಗ ಮೊಬೈಲ್ ಕೆಳಗಿಟ್ಟು, ‘ಇದು ಯಾರದು?’ ಎಂದು ಕೇಳಿದಳು. ಒಬ್ಬಳು ಹುಡುಗಿಯ ಮಾತು ತೀರ್ಪಾಗದು. ಆದರೂ ಮುದುಕರ ಕಣ್ಣೀರಿಗಿಂತ ಇದು ಮೇಲಾದ ಸಾಕ್ಷಿ.

ಇನ್ನು 1987ರ ‘ಹಾಟ್‌ಲೈನ್’ ಮತ್ತು 1992ರ ‘ಕ್ಯಾಮೆರಾ ಕ್ಯಾಮೆರಾ’. ‘ಹಾಟ್‌ಲೈನ್’ನಲ್ಲಿ ‘ಆ ಹಾಂ’ ಎಂಬ ಮುದ್ದಾದ ಹಾಡೊಂದಿದೆ, ಅದನ್ನು ಬಿಟ್ಟರೆ ಯಂತ್ರದ ಡ್ರಮ್ಮುಗಳದ್ದೇ ಕಾರುಬಾರು. ‘ಕ್ಯಾಮೆರಾ ಕ್ಯಾಮೆರಾ’ದಲ್ಲಿ ಹಾಡುವವರಿಗೇ ಉತ್ಸಾಹವಿಲ್ಲ. ಇದೇ ತಮ್ಮ ಕೊನೆಯ ಆಲ್ಬಮ್ ಎಂದು ಅಕ್ಕ-ತಮ್ಮ ಮೊದಲೇ ಹೇಳಿಬಿಟ್ಟಿದ್ದರು. ಆಗಲೇ ಇಪ್ಪತ್ತೇಳಾಗಿದ್ದ, ಕಾನೂನು ಓದಿದ್ದ ಹೆಣ್ಣುಮಗಳಿಗೆ ಹದಿನಾರರ ಹಾಡುಗಳನ್ನು ಹಾಡಿಸಿದರೆ ದನಿ ಸುಳ್ಳು ಹೇಳಲೇಬೇಕಾಗುತ್ತದೆ. ಆ ದನಿಗೆ ಸುಳ್ಳು ಹೇಳಲು ಬಾರದು ಎಂದು ಮೇಲೆಯೇ ಹೇಳಿದ್ದೇವೆ. ವಯಸ್ಸಿಗೆ ತಕ್ಕ ಹಾಡನ್ನು ಯಾರೂ ಆಕೆಗೆ ಕೊಡಲಿಲ್ಲವೆಂಬುದೇ ನಮ್ಮ ದೊಡ್ಡ ಕೊರಗು. ‘ಮೇಡ್ ಇನ್ ಇಂಡಿಯಾ’ವನ್ನು ತಾನು ಮೊದಲು ನಾಝಿಯಾಗಾಗಿ ಯೋಚಿಸಿದ್ದಾಗಿ ಬಿದ್ದು ಹೇಳಿಕೊಂಡಿದ್ದಾರೆ. ಆಕೆ ಒಪ್ಪಲಿಲ್ಲ, 1995ರಲ್ಲಿ ಅಲಿಶಾ ಚಿನಾಯ್ ಹಾಡಿದರು. ಒಪ್ಪದೇ ಇದ್ದದ್ದು ಒಳ್ಳೆಯದೇ ಆಯಿತು. ಆ ಹಾಡಿಗೆ ಬೇಕಾದ ತುಂಟತನ, ಠೀವಿ ಅಲಿಶಾರಲ್ಲಿತ್ತು.

ಈ ಆಲ್ಬಮ್‌ಗಳನ್ನು ಮೆಚ್ಚುವವರು ಮುಂದಿಡುವ ಇನ್ನೊಂದು ವಾದವಿದೆ. ಝಿಯಾವುಲ್ ಹಕ್‌ರ ಸೈನಿಕ ಆಡಳಿತದಲ್ಲಿ, ಹೆಣ್ಣಿನ ನಡೆ ನುಡಿ ಉಡುಪುಗಳ ಮೇಲೆಲ್ಲ ಸರಕಾರದ ಕಣ್ಣಿದ್ದಾಗ, ಒಬ್ಬಳು ಹುಡುಗಿ ಜೀನ್ಸ್ ತೊಟ್ಟು ಪ್ರೀತಿಯ ಹಾಡು ಹಾಡಿದ್ದೇ ಒಂದು ಪ್ರತಿರೋಧ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಝಿಯಾ ಸತ್ತ ಮರುವರ್ಷ, ಬೆನಝೀರ್ ಭುಟ್ಟೊ ಪ್ರಧಾನಿಯಾಗಿದ್ದಾಗ, ಪಾಕಿಸ್ತಾನ ಟಿವಿಯಲ್ಲಿ ಶುಐಬ್ ಮನ್ಸೂರ್ ನಿರ್ಮಿಸಿ ನಾಝಿಯಾ-ಝೊಹೇಬ್ ನಡೆಸಿಕೊಟ್ಟ ‘ಮ್ಯೂಸಿಕ್ 89’ ಕಾರ್ಯಕ್ರಮಕ್ಕೂ ಧಾರ್ಮಿಕ ವಲಯಗಳಿಂದ ಕಟು ವಿರೋಧ ಬಂತು. ಹಾಡುವ ಹುಡುಗಿಯ ಬಗ್ಗೆ ನಮ್ಮ ಮನೆಗಳಲ್ಲೂ ಹುಬ್ಬುಗಳು ಗಂಟಿಕ್ಕುತ್ತಿದ್ದುದನ್ನು ನಾವು ಮರೆತಿಲ್ಲ. ಕ್ಯಾಸೆಟ್ ತಂದವರೂ ಅವರೇ, ತಮ್ಮ ಮಗಳು ಅದನ್ನು ಗುನುಗಿದಾಗ ಗದರಿದವರೂ ಅವರೇ! ಆದರೆ ಧೈರ್ಯಕ್ಕೆ ಕೊಡುವ ಗೌರವವನ್ನು ರಾಗದ ಲೆಕ್ಕಕ್ಕೆ ಬರೆಯುವುದು ತಪ್ಪು. ಹಾಗೆ ಮಾಡಿದರೆ ನಾಝಿಯಾರನ್ನು ಗಾಯಕಿಯೆಂದು ಕಾಣುವ ಬದಲು ಒಂದು ಫಲಕವನ್ನಾಗಿ ಮಾಡಿದಂತಾಗುತ್ತದೆ. ‘ಕ್ಯಾಮೆರಾ ಕ್ಯಾಮೆರಾ’ ಹಾಡಲೂ ಧೈರ್ಯ ಬೇಕಾಗಿತ್ತು. ಹಾಗೆಂದು ಅದನ್ನು ಎರಡನೇ ಸಲ ಕೇಳಲಾಗುವುದಿಲ್ಲ.

ಕಾಲದ ಪರೀಕ್ಷೆ ಎಂದರೆ ರೀಮಿಕ್ಸ್ ಎಂದು ನಂಬುವವರಿಗೂ ಒಂದು ಮಾತು. 2012ರ ‘ಸ್ಟೂಡೆಂಟ್ ಆಫ್ ದಿ ಇಯರ್’ನಲ್ಲಿ ವಿಶಾಲ್-ಶೇಖರ್ ‘ಡಿಸ್ಕೊ ದಿವಾನೆ’ಯನ್ನು ಹೊಸದಾಗಿ ಕಟ್ಟಿದರು. ಸುನಿಧಿ ಚೌಹಾಣ್, ಬೆನ್ನಿ ದಯಾಳ್ ಹಾಡಿದರೂ ನಾಝಿಯಾರ ಮೂಲ ದನಿಯನ್ನು ಒಳಗೆ ಉಳಿಸಿಕೊಂಡರು. 2022ರ ‘ಆ್ಯನ್ ಆ್ಯಕ್ಷನ್ ಹೀರೊ’ ಚಿತ್ರಕ್ಕಾಗಿ ತನಿಷ್ಕ್ ಬಾಗ್ಚಿ ‘ಆಪ್ ಜೈಸಾ ಕೋಯಿ’ಗೆ ಕೈ ಹಾಕಿದಾಗ ಆ ದನಿಯನ್ನೇ ತೆಗೆದರು. ಹೊಸದಾಗಿ ಹಾಡಿದವರಲ್ಲಿ ಒಬ್ಬರು ಝಹ್ರಾ ಎಸ್. ಖಾನ್, ‘ನಿಕಾಹ್’ ಖ್ಯಾತಿಯ ಸಲ್ಮಾ ಆಗಾರ ಮಗಳು. ಗಾಯಕಿಯಲ್ಲಿ ಕೊರತೆಯೇನಿಲ್ಲ, ಆಕೆ ನಾಝಿಯಾಗಿಂತ ಹೆಚ್ಚು ಕಲಿತವರಂತೆಯೇ ಹಾಡುತ್ತಾರೆ. ಆದರೆ ಎರಡನ್ನೂ ಪಕ್ಕ ಪಕ್ಕ ಇಟ್ಟು ಕೇಳಿದರೆ ಹಾಡು ನಿಂತದ್ದು ಯಾವುದರ ಮೇಲೆ ಎಂಬುದು ತಟ್ಟನೆ ತಿಳಿಯುತ್ತದೆ. ರಾಗ ಅದೇ, ತಾಳ ಇನ್ನೂ ಬಿರುಸು, ಇಂದೀವರ್‌ರ ಪಲ್ಲವಿಯೂ ಅದೇ. ಬಳುಕದ ಆ ದನಿ ಹೋದ ಕೂಡಲೇ ಅದು ಹತ್ತರಲ್ಲಿ ಹನ್ನೊಂದನೆಯ ಕ್ಲಬ್ ಹಾಡಾಯಿತು.

ಮರುಕಟ್ಟಿದವರು ಆರಿಸಿದ್ದೆಲ್ಲ ಅಬ್ಬರದ ಹಾಡುಗಳನ್ನೇ ಎಂಬುದೂ ಗಮನಿಸಬೇಕಾದದ್ದು. ಹೀಗಾಗಿ ಇಂದಿನ ಎಳೆಯರಿಗೆ ನಾಝಿಯಾ ಎಂದರೆ ಎರಡು ಕುಣಿತದ ಹಾಡುಗಳಷ್ಟೇ. ಆಲ್ಬಮ್ಮಿನ ಒಳಗೆ ಇನ್ನೂ ಏನಿದೆ ಎಂದು ನೋಡಲು ಹೋಗುವವರು ಕಡಿಮೆ. 2025ರ ಮೇ ತಿಂಗಳಲ್ಲಿ, ಪಹಲ್ಗಾಮ್ ದಾಳಿಯ ಬಳಿಕ, ಪಾಕಿಸ್ತಾನ ಮೂಲದ ಹಾಡು, ಸಿನಿಮಾ, ಧಾರಾವಾಹಿಗಳನ್ನೆಲ್ಲ ನಿಲ್ಲಿಸುವಂತೆ ಕೇಂದ್ರ ಸರಕಾರ ಇಂಟರ್ನೆಟ್ ತಾಣಗಳಿಗೆ ಸೂಚಿಸಿತು. ಲಂಡನ್ನಿನಲ್ಲಿ ಬೆಂಗಳೂರಿನವನೊಬ್ಬ ಕಟ್ಟಿದ, ಕರಾಚಿಯ ಹುಡುಗಿ ಹಾಡಿದ, ಭಾರತದಲ್ಲಿ ಎಚ್.ಎಂ.ವಿ. ಮಾರಿದ ‘ಡಿಸ್ಕೊ ದಿವಾನೆ’ ಯಾವ ಮೂಲದ್ದು? ಈ ಪ್ರಶ್ನೆಗೆ ಉತ್ತರಿಸಬಲ್ಲ ಗುಮಾಸ್ತನನ್ನು ಕಾಣುವ ಆಸೆ ನಮಗಿದೆ.

ಕೇಳದವರು ‘ಯಂಗ್ ತರಂಗ್’ನಿಂದ ಆರಂಭಿಸಲಿ, ಬಳಿಕ ‘ಲೇಕಿನ್ ಮೇರಾ ದಿಲ್’ಗೆ ಬರಲಿ, ಸಾಧ್ಯವಾದರೆ ರಾತ್ರಿ ಹೊತ್ತು, ಒಬ್ಬರೇ ಇರುವಾಗ. ‘ಡಿಸ್ಕೊ ದಿವಾನೆ’ಯ ಶೀರ್ಷಿಕೆ ಗೀತೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಯಾವುದಾದರೊಂದು ಮದುವೆ ಮನೆಯಲ್ಲಿ ತಾನಾಗಿಯೇ ಕಿವಿಗೆ ಬೀಳುತ್ತದೆ.