ಪ್ರತಿರೂಪಕ ವ್ಯವಹಾರ ಮತ್ತು ಆಟದ ಮೋಟಾರು ಗಾಡಿ

ಅಚೌರ್ಯಾಣುವ್ರತಕ್ಕೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳ್ಳತನಕ್ಕೆ ಪ್ರೇರೇಪಿಸುವುದು, ಕದ್ದು ತಂದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಎಂಬ ನಾಲ್ಕರ ನಂತರ ಬರುವುದು ಪ್ರತಿರೂಪಕ ವ್ಯವಹಾರ. ಇದನ್ನು ವಿವರಿಸುವಾಗ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೃತಕ ಚಿನ್ನದಂತಹ ವಸ್ತುಗಳಿಂದ ನಡೆಸುವ ವಂಚನೆಯನ್ನು ಎತ್ತಿಕೊಂಡರು. ಸಮಂತಭದ್ರರು ಇದನ್ನೇ ಸದೃಶಸನ್ಮಿಶ್ರವೆಂದು ಕರೆದು, ಹೋಲುವ ವಸ್ತುವನ್ನು ಬೆರೆಸುವ ಕಡೆಗೆ ಬೆರಳು ತೋರಿದರು. ಇಂದಿಗೂ ಪಾಠಶಾಲೆಗಳಲ್ಲಿ ಈ ಅತಿಚಾರಕ್ಕೆ ಕೊಡುವ ಉದಾಹರಣೆಗಳು ತುಪ್ಪಕ್ಕೆ ಡಾಲ್ಡಾ, ಮೆಣಸಿಗೆ ಪಪ್ಪಾಯಿ ಬೀಜ. ಉದಾಹರಣೆಗಳು ತಪ್ಪಲ್ಲ, ಆದರೆ ಕೇಳುವ ಹುಡುಗನ ಕೈಯಲ್ಲಿರುವ ವಸ್ತು ಬೇರೆಯಾಗಿದೆ.

ಆ ವಸ್ತುಗಳಲ್ಲಿ ಒಂದು, ರೇಡಿಯೋ ಅಲೆಗಳಿಂದ ದೂರದಿಂದ ನಡೆಸುವ ಆಟದ ಕಾರು. ಇದು ಜಾತ್ರೆಯಲ್ಲಿ ಮಾರುವ ಪ್ಲಾಸ್ಟಿಕ್ ಆಟಿಕೆಯಲ್ಲ. ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ, ಜೋಡಿಸಿ, ಓಡಿಸುವ ಹವ್ಯಾಸ. ಜಪಾನಿನ ತಮಿಯಾ, ಅಮೆರಿಕದ ಟ್ರಾಕ್ಸಾಸ್ ಮುಂತಾದ ಕಂಪನಿಗಳ ಗಾಡಿಗಳು ಇದರಲ್ಲಿ ಹೆಸರಾದವು. ಮೊದಲು ಇಂತಹ ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕಿತ್ತು. ಈಗ ಮಸ್ಕಿ ತಾಲ್ಲೂಕಿನ ಬಳಗಾನೂರಿನಂತಹ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆಯ ಊರಿಗೂ ಫೋನಿನಲ್ಲಿ ಆರ್ಡರು ಮಾಡಿದರೆ ಪಾರ್ಸಲು ಬರುತ್ತದೆ. ಅದರೊಂದಿಗೆ ನಕಲಿ ಮಾಲೂ ಬರುತ್ತದೆ.

ನಕಲಿ ಎಂದೊಡನೆ ಚೀನಾ ಎನ್ನುವುದು ರೂಢಿಯಾಗಿದೆ. ಇದು ವಿಚಾರವಿಲ್ಲದ ಮಾತು. ಮೋಟಾರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಸ್ಪೀಡ್ ಕಂಟ್ರೋಲರ್ ಎಂಬ ಭಾಗವನ್ನೇ ನೋಡಬಹುದು. ಹಾಬಿವಿಂಗ್ ಕಂಪನಿಯ ಕ್ವಿಕ್‌ರನ್ 1060 ಎಂಬ ಮಾದರಿ, 60 ಆಂಪಿಯರ್ ತಡೆಯಬಲ್ಲದು ಎಂಬ ಖ್ಯಾತಿಯದು, ಹೊಸಬರಿಗೆ ಎಲ್ಲರೂ ಹೇಳುವ ವಸ್ತು. ಆದ್ದರಿಂದಲೇ ಅದರ ನಕಲುಗಳು ಹೇರಳ. ಹಾಬಿವಿಂಗ್ ಇರುವುದು ಚೀನಾದ ಶೆನ್‌ಜೆನ್ ನಗರದಲ್ಲಿಯೇ. ಅಂದರೆ ಇಲ್ಲಿ ಮೋಸಹೋದ ತಯಾರಕನೂ ಚೀನಾದವನು. ದೋಷ ದೇಶದ್ದಲ್ಲ, ಕ್ರಿಯೆಯದು.

ಅಗ್ಗವಾಗಿರುವುದೂ ದೋಷವಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಕಡಿಮೆ ಬೆಲೆಯ ರೇಡಿಯೋ ಸೆಟ್ಟನ್ನು ಫ್ಲೈಸ್ಕೈ ಎಂಬ ಕಂಪನಿ ತನ್ನದೇ ಹೆಸರಿನಲ್ಲಿ ಮಾರುತ್ತದೆ. ಅದರಿಂದ ಎಷ್ಟೋ ಬಡ ವಿದ್ಯಾರ್ಥಿಗಳಿಗೆ ಈ ಹವ್ಯಾಸ ಕೈಗೆಟುಕಿದೆ. ಎರಡನೇ ದರ್ಜೆಯ ಅಕ್ಕಿಯನ್ನು ಎರಡನೇ ದರ್ಜೆಯೆಂದು ಹೇಳಿ ಮಾರಿದವನಿಗೆ ಪಾಪವಿಲ್ಲ. ಅದನ್ನೇ ಹೆಸರುವಾಸಿ ಮಿಲ್ಲಿನ ಚೀಲಕ್ಕೆ ತುಂಬಿ ಬಾಯಿ ಹೊಲಿದವನದು ಅತಿಚಾರ. ಹೆಸರಿನ ಬೆಲೆ ಏನೆಂಬುದನ್ನು ಈ ಸೀಮೆಯವರಿಗೆ ಬೇರೆಯಾಗಿ ಹೇಳಬೇಕಿಲ್ಲ. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಅಶೋಕನೆಂಬ ಹೆಸರು ಇದ್ದುದರಿಂದಲೇ, ಬೇರೆ ಶಾಸನಗಳ ದೇವಾನಾಂಪ್ರಿಯನು ಯಾರೆಂಬ ಪ್ರಶ್ನೆಗೆ ಗಟ್ಟಿಯಾದ ಉತ್ತರ ದೊರೆಯಿತು.

ಈ ಮಾಲಿನಲ್ಲಿ ಎರಡು ಅತಿಚಾರಗಳು ಕೂಡಿಕೊಂಡಿರುವುದು ಬ್ಯಾಟರಿಯ ಸೆಲ್ಲಿನಲ್ಲಿ. 18650 ಎಂಬ ಲಿಥಿಯಂ ಸೆಲ್ಲು 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಈ ಗಾತ್ರದ ಸಾಮಾನ್ಯವಾದ ಉತ್ತಮ ಸೆಲ್ಲಿನಲ್ಲಿ ಹಿಡಿಯುವುದು ಹೆಚ್ಚೆಂದರೆ ಸುಮಾರು 3500 ಮಿಲಿಆಂಪಿಯರ್ ಅವರ್. ಪೇಟೆಯಲ್ಲಿ 9900 ಎಂದು ಮುದ್ರಿಸಿದ ಸೆಲ್ಲುಗಳು ಸಿಗುತ್ತವೆ. ಸೇರಿನಲ್ಲಿ ಮೂರು ಸೇರು ಕಾಳು ಹಿಡಿಸಿದೆನೆಂದು ಹೇಳಿದರೆ ಅಡತಿ ಅಂಗಡಿಯ ಹಮಾಲನೂ ನಗುತ್ತಾನೆ. ಆದರೆ ಮಿಲಿಆಂಪಿಯರ್ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಯಾರೂ ನಗುವುದಿಲ್ಲ. ಕೆಲವನ್ನು ಬಿಚ್ಚಿ ನೋಡಿದವರಿಗೆ ದೊಡ್ಡ ಕವಚದೊಳಗೆ ಚಿಕ್ಕ ಸೆಲ್ಲೂ, ಸುತ್ತ ತುಂಬಿದ ಪುಡಿಯೂ ಕಂಡಿದೆ. ಸಾಚಾ ಸೆಲ್ಲಿನ ತೂಕ 45 ಗ್ರಾಮಿನ ಆಸುಪಾಸು. ಇವು ಎಷ್ಟೋ ಹಗುರ. ಹೀನಾಧಿಕಮಾನೋನ್ಮಾನವೆಂದು ಸೂತ್ರಕಾರರು ಕರೆದ ದೋಷವನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿಯೇ ಹಿಡಿಯಬಹುದು.

ಉಳಿದ ಭಾಗಗಳದೂ ಇದೇ ಕಥೆ. ಚಕ್ರ ತಿರುಗಿಸುವ ಸರ್ವೋ ಮೋಟಾರಿನ ಹಲ್ಲುಗಾಲಿ ಲೋಹದ್ದೆಂದು ಹೇಳಿ ಮೆತ್ತನೆಯ ಮಿಶ್ರಲೋಹ ಹಾಕಿರುತ್ತಾರೆ. ನೀರು ತಾಗಿದರೂ ಕೆಡದು ಎಂಬ ಮಾತು ಡಬ್ಬಿಯ ಮೇಲೆ ಮಾತ್ರ.

ಇದು ಬರಿಯ ಹಣದ ನಷ್ಟವಾಗಿದ್ದರೆ ಇಷ್ಟು ಬರೆಯುವ ಕಾರಣವಿರಲಿಲ್ಲ. ಗಾಡಿಯ ರಿಸೀವರಿಗೆ ಅಲೆಗಳು ತಪ್ಪಿದಾಗ ವೇಗವನ್ನು ತಾನೇ ಶೂನ್ಯಕ್ಕೆ ತರುವ ಏರ್ಪಾಡು ಇರಬೇಕು. ಅದಿಲ್ಲದಿದ್ದರೆ ಕೊನೆಗೆ ಬಂದ ಆಜ್ಞೆಯನ್ನೇ ಹಿಡಿದುಕೊಂಡು ಗಾಡಿ ಓಡುತ್ತಲೇ ಇರುತ್ತದೆ. ಎರಡು ಮೂರು ಕಿಲೋ ತೂಕದ ಗಾಡಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಣಿಯ ಮಗುವಿಗೋ ನಾಯಿಮರಿಗೋ ಬಡಿಯಬಹುದು. ಕಳಪೆ ಲಿಥಿಯಂ ಸೆಲ್ಲು ಚಾರ್ಜಿಗೆ ಇಟ್ಟ ರಾತ್ರಿಯೇ ಹೊತ್ತಿಕೊಳ್ಳಬಹುದು. ಪ್ರಮತ್ತಯೋಗದಿಂದ ಆಗುವ ಪ್ರಾಣಹಾನಿಯೇ ಹಿಂಸೆ ಎಂಬ ಲಕ್ಷಣವನ್ನು ಬಲ್ಲ ಶ್ರಾವಕ ವ್ಯಾಪಾರಿಯು, ಅಸತ್ಯದ ಮಾಲು ಅಹಿಂಸೆಯ ವ್ರತವನ್ನೂ ತಾಗುತ್ತದೆಂಬುದನ್ನು ತಾನೇ ಕಾಣಬಲ್ಲನು.

ಆದರೂ ವ್ಯಾಪಾರಿಗಳು ಹೇಳುವ ಸಮಾಧಾನಗಳಿವೆ. “ನಾವು ತಯಾರಿಸುವವರಲ್ಲ, ಬಂದದ್ದನ್ನು ಕೊಡುವವರು” ಎಂಬುದು ಮೊದಲನೆಯದು. ಕದ್ದವನನ್ನು ಬಿಟ್ಟು ಕದ್ದ ಮಾಲು ಕೊಂಡವನಿಗೂ ಪ್ರತ್ಯೇಕ ಅತಿಚಾರ ಹೇಳಿರುವಾಗ ಈ ಮಾತು ನಿಲ್ಲುವುದಿಲ್ಲ. ನಾಡಿನ ಕಾನೂನೂ ಹಾಗೆಯೇ ಇದೆ: 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103ನೆಯ ಕಲಮು ಸುಳ್ಳು ಗುರುತು ಹಾಕಿದವನಿಗೆ, 104ನೆಯ ಕಲಮು ಅಂಥದ್ದನ್ನು ಮಾರಿದವನಿಗೆ. “ಗಿರಾಕಿಗೆ ಗೊತ್ತಿದ್ದೇ ಕೊಳ್ಳುತ್ತಾನೆ” ಎಂಬುದು ಎರಡನೆಯದು. ಇದರಲ್ಲಿ ಅರ್ಧ ಸತ್ಯವಿದೆ. ದೊಡ್ಡವರಿಗೆ ಬೆಲೆ ನೋಡಿಯೇ ತಿಳಿಯುತ್ತದೆ. ಹದಿನಾಲ್ಕು ವರ್ಷದ ಹುಡುಗ ಕೂಡಿಟ್ಟ ಹಣ ತಂದು ಕೇಳಿದಾಗ ಅವನಿಗೆ ಗೊತ್ತಿರುವುದು ಡಬ್ಬಿಯ ಮೇಲಿನ ಹೆಸರು ಮಾತ್ರ.

ಸರಕಾರವು ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತನ್ನು ಕಡ್ಡಾಯಗೊಳಿಸಿತು, ವಿದ್ಯುತ್ ಆಟಿಕೆಗಳ ಮಾನದಂಡ ಐ.ಎಸ್. 15644. ಆಮದು ಸುಂಕವು 2020ರಲ್ಲಿ ಶೇಕಡಾ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಉದ್ದೇಶ ಒಳ್ಳೆಯದೇ. ಆದರೆ ಆ ಕಟ್ಟಳೆ ಹದಿನಾಲ್ಕರ ಒಳಗಿನ ಮಕ್ಕಳ ಆಟಿಕೆಗೆ. ಹವ್ಯಾಸಿಗಳು ತರಿಸುವ ಬಿಡಿ ಸರ್ವೋ, ಬಿಡಿ ಕಂಟ್ರೋಲರುಗಳು ಆಟಿಕೆಯೆನಿಸದೆ ಹೊರಗೇ ಉಳಿಯುತ್ತವೆ. ಕಾನೂನು ಬಿಟ್ಟ ಜಾಗದಲ್ಲಿಯೇ ಅಣುವ್ರತದ ಕೆಲಸವಿರುವುದು.

ಬಸದಿಗಳ ಟ್ರಸ್ಟುಗಳಿಗೆ ಇದು ಹುಡುಗರ ವಿಷಯವೆನಿಸಬಹುದು. ಧ್ವನಿವರ್ಧಕ, ಎಮರ್ಜೆನ್ಸಿ ದೀಪ, ಸಿ.ಸಿ. ಕ್ಯಾಮೆರಾದ ಬ್ಯಾಟರಿ ಎಲ್ಲವೂ ಬರುವುದು ಅದೇ ಪೇಟೆಯಿಂದ. ಕೊಟೇಶನ್ನುಗಳಲ್ಲಿ ಅತಿ ಕಡಿಮೆಯದನ್ನೇ ಒಪ್ಪುವ ಸಮಿತಿಗಳು ಹೆಚ್ಚು. ದಾನದ ಹಣದಿಂದ ಹೆಸರು ಕದ್ದ ವಸ್ತುವನ್ನು ತಂದು ಗರ್ಭಗೃಹದ ಪಕ್ಕದ ಕೋಣೆಯಲ್ಲಿ ರಾತ್ರಿಯೆಲ್ಲ ಚಾರ್ಜಿಗೆ ಇಡುವುದು ನಡೆದೇ ಇದೆ. ಬಿಲ್ಲಿನಲ್ಲಿ ಕಂಪನಿಯ ಹೆಸರು, ಮಾದರಿಯ ಸಂಖ್ಯೆ ಬರೆಸಿಕೊಳ್ಳುವ ಅಭ್ಯಾಸವಾದರೂ ಬರಲಿ. ನಕಲಿ ಮಾರುವವನು ಆ ಎರಡನ್ನು ಬರೆದುಕೊಡಲು ಹಿಂಜರಿಯುತ್ತಾನೆ. ಪಾಠಶಾಲೆಯ ಮೇಷ್ಟ್ರು ಐದನೆಯ ಅತಿಚಾರ ಹೇಳುವ ದಿನ ಒಂದು ಚಿಕ್ಕ ತಕ್ಕಡಿಯನ್ನೂ ಎರಡು ಸೆಲ್ಲುಗಳನ್ನೂ ಮೇಜಿನ ಮೇಲೆ ಇಟ್ಟರೆ, ಉಳಿದದ್ದನ್ನು ಹುಡುಗರೇ ಕಂಡುಹಿಡಿಯುತ್ತಾರೆ.